ಬೆರಳಿಗೆ ಭೂಪಟವನ್ನಿತ್ತ ವ್ಯಾಲೆಂಟಿನ್ ಹಾಯಿ

ಬ್ರೈಲ್ ಲಿಪಿಯ ಹೆಸರನ್ನು ಕೇಳದವರು ನಮ್ಮಲ್ಲಿ ಇರಲಾರರು. ಆದರೆ ಲೂಯಿ ಬ್ರೈಲನು ಓದಿದ ಶಾಲೆಯನ್ನು ಕಟ್ಟಿದವನು ಯಾರೆಂದರೆ ಉತ್ತರ ಹೇಳುವವರು ವಿರಳ. ಆತನೇ ವ್ಯಾಲೆಂಟಿನ್ ಹಾಯಿ.

1745ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಬಡ ನೇಕಾರನ ಮಗನಾಗಿ ಜನಿಸಿದ ಈತನು, ಪ್ಯಾರಿಸಿಗೆ ಬಂದು ಹಲವು ಭಾಷೆಗಳನ್ನು ಕಲಿತು ಅನುವಾದದಿಂದ ಹೊಟ್ಟೆ ಹೊರೆಯುತ್ತಿದ್ದನು. ಸ್ಫಟಿಕಗಳ ರಚನೆಯನ್ನು ಶೋಧಿಸಿ ಹೆಸರಾದ ರೆನೆ ಜಸ್ಟ್ ಹಾಯಿ ಈತನ ಅಣ್ಣ. 1771ರಲ್ಲಿ ಪ್ಯಾರಿಸಿನ ಜಾತ್ರೆಯೊಂದರಲ್ಲಿ ಅಂಧರಿಗೆ ಕೋಡಂಗಿಯ ವೇಷ ತೊಡಿಸಿ, ರಟ್ಟಿನ ಕನ್ನಡಕ ಹಾಕಿ, ಅವರು ಕಾಣಲಾರದ ಸಂಗೀತದ ಹಾಳೆಯನ್ನು ಮುಂದಿರಿಸಿ ವಾದ್ಯ ನುಡಿಸಲು ಹಚ್ಚಿದ್ದರು. ನೆರೆದವರು ಬಿದ್ದು ಬಿದ್ದು ನಕ್ಕರು. ಹಾಯಿಗೆ ಮಾತ್ರ ನಗು ಬರಲಿಲ್ಲ.

1784ರಲ್ಲಿ ಚರ್ಚಿನ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಫ್ರಾನ್ಸ್ವಾ ಲೆಸ್ಯುಯರ್ ಎಂಬ ಅಂಧ ತರುಣನನ್ನು ಪಾಠಕ್ಕೆ ಕರೆದನು. ಪಾಠಕ್ಕೆ ಕುಳಿತರೆ ಹೊಟ್ಟೆಗೇನು ಗತಿ? ಭಿಕ್ಷೆಯಿಂದ ಬರುತ್ತಿದ್ದ ಹಣವನ್ನು ಹಾಯಿ ತಾನೇ ಕೊಟ್ಟನು. ಇದಕ್ಕಿಂತ ಸಾರ್ಥಕವಾದ ವಿದ್ಯಾರ್ಥಿವೇತನವನ್ನು ನಾನರಿಯೆ! ಅಚ್ಚಾದ ಕಾಗದವೊಂದರ ಹಿಂಬದಿಯಲ್ಲಿ ಉಬ್ಬಿದ್ದ ಅಕ್ಷರವನ್ನು ಈ ಶಿಷ್ಯನು ಬೆರಳಿನಿಂದಲೇ ಗುರುತಿಸಿದನೆಂದು ಹೇಳುತ್ತಾರೆ. ಅಲ್ಲಿಂದ ಉಬ್ಬಕ್ಷರದ ಪುಸ್ತಕಗಳು ಹುಟ್ಟಿದವು. 1785ರಲ್ಲಿ ಶಾಲೆ ನಡೆಯತೊಡಗಿತು. ಮರುವರ್ಷ ತನ್ನ ಬೋಧನಾಕ್ರಮವನ್ನು ಕುರಿತ ಗ್ರಂಥವನ್ನು ಶಾಲೆಯ ಮಕ್ಕಳಿಂದಲೇ ಅಚ್ಚು ಮಾಡಿಸಿದನು.

ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಆತನ ಭೂಪಟಗಳು. ದೇಶದ ಅಂಚಿಗೂ ಒಳಗಡಿಗಳಿಗೂ ತಂತಿಯನ್ನು ಬಗ್ಗಿಸಿ ಕೂಡಿಸಿ, ಬೆರಳು ಆ ಗೆರೆಯ ಮೇಲೆ ನಡೆದು ಹೋಗುವಂತೆ ಮಾಡಿದನು. ಭೂಗೋಳವನ್ನು ಬಾಯಿಪಾಠ ಮಾಡಬೇಕಾಗಿದ್ದ ಮಗುವಿಗೆ ದೇಶದ ಆಕಾರವೇ ಕೈಗೆ ಸಿಕ್ಕಿತು. ಆತನ ಅಕ್ಷರಗಳು ನಿಲ್ಲಲಿಲ್ಲ. ಅವು ಕಣ್ಣಿಗಾಗಿ ಹುಟ್ಟಿದ ರೂಪಗಳು, ಬೆರಳಿಗೆ ನಿಧಾನ, ಪುಸ್ತಕವೂ ಭಾರ. 1829ರಲ್ಲಿ ಪ್ರಕಟವಾದ ಬ್ರೈಲನ ಚುಕ್ಕೆಗಳು ಕಾಲಕ್ರಮದಲ್ಲಿ ಅವುಗಳ ಸ್ಥಾನವನ್ನು ಪಡೆದವು. ಆದರೆ ನದಿಯ ತಿರುವನ್ನೋ ತ್ರಿಕೋನದ ಬಾಹುವನ್ನೋ ಚುಕ್ಕೆಯ ಅಕ್ಷರಗಳಲ್ಲಿ ಬರೆದರೆ ಅದು ವರ್ಣನೆಯಾದೀತೇ ಹೊರತು ಆಕಾರವಾಗದು. ಅಲ್ಲಿ ಉಬ್ಬುಗೆರೆಯೇ ಬೇಕು. ಇಂದಿಗೂ ಅಂಧ ಮಕ್ಕಳ ಭೂಗೋಳ, ರೇಖಾಗಣಿತದ ಪಾಠಗಳಲ್ಲಿ ಅಂಥ ಚಿತ್ರಗಳೇ ಕೈಗೆ ಬರುತ್ತವೆ.

ಕ್ರಾಂತಿಯ ನಂತರದ ದಿನಗಳು ಆತನಿಗೆ ಒಳ್ಳೆಯದನ್ನು ಮಾಡಲಿಲ್ಲ. ತನ್ನ ಶಾಲೆಯಿಂದಲೇ ಹೊರಬಿದ್ದು, 1806ರಲ್ಲಿ ರಷ್ಯಕ್ಕೆ ಹೋಗಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಂಧರ ಶಾಲೆಯನ್ನು ಆರಂಭಿಸಿದನು. 1817ರಲ್ಲಿ ಮರಳಿದಾಗ, ತಾನು ಕಟ್ಟಿದ ಶಾಲೆಯ ಬಾಗಿಲು ತನಗೇ ಮುಚ್ಚಿತ್ತು. 1821ರಲ್ಲಿ ಹೊಸ ಮುಖ್ಯಸ್ಥನು ಬಂದು ವೃದ್ಧನನ್ನು ಆದರದಿಂದ ಬರಮಾಡಿಕೊಂಡನು. ಮಕ್ಕಳು ಹಾಡಿ ಗೌರವಿಸಿದರು. ಹನ್ನೆರಡು ವರ್ಷದ ಲೂಯಿ ಬ್ರೈಲ್ ಆಗ ಅದೇ ಶಾಲೆಯ ವಿದ್ಯಾರ್ಥಿ. ಮರುವರ್ಷ ಮಾರ್ಚಿಯಲ್ಲಿ ಹಾಯಿ ಪ್ಯಾರಿಸಿನಲ್ಲಿ ತೀರಿಕೊಂಡನು.