ರಿಯಲ್ ಮೆಕಾಯ್: ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಅಸಲಿ ವಸ್ತುವಿಗೆ ಇಂಗ್ಲಿಷಿನಲ್ಲಿ ರಿಯಲ್ ಮೆಕಾಯ್ ಅನ್ನುತ್ತಾರೆ. ಆ ಮಾತು ಎಲೈಜಾ ಮೆಕಾಯ್ ಅವರಿಂದಲೇ ಹುಟ್ಟಿತು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ನಿಜವೇ?

ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ ದಂಪತಿಯ ಮಗ ಮೆಕಾಯ್. ಸ್ಕಾಟ್ಲೆಂಡಿನಲ್ಲಿ ಎಂಜಿನಿಯರಿಂಗ್ ಕಲಿತರೂ, ಕಪ್ಪು ಬಣ್ಣದ ಕಾರಣಕ್ಕೆ ಅಮೆರಿಕದ ಮಿಷಿಗನ್‌ನಲ್ಲಿ ಸಿಕ್ಕಿದ್ದು ರೈಲು ಎಂಜಿನ್ನಿಗೆ ಕಲ್ಲಿದ್ದಲು, ಎಣ್ಣೆ ಹಾಕುವ ಕೆಲಸ. ಎಣ್ಣೆಗಾಗಿ ರೈಲನ್ನು ಆಗಾಗ ನಿಲ್ಲಿಸಬೇಕಿತ್ತು. 1872ರಲ್ಲಿ ಅವರು ಪೇಟೆಂಟ್ ಪಡೆದ ಲೂಬ್ರಿಕೇಟರ್‌ನಲ್ಲಿ ಉಗಿಯ ಒತ್ತಡವೇ ವಾಲ್ವ್ ತೆರೆದು, ಎಂಜಿನ್ ಓಡುತ್ತಿರುವಾಗಲೇ ಸಿಲಿಂಡರಿಗೆ ಎಣ್ಣೆ ಬಿಡುತ್ತಿತ್ತು.

ಆದರೆ ಇಂಥ ಸಾಧನ ಇದೇ ಮೊದಲಲ್ಲ; ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ 1860ರಲ್ಲೇ ಒಂದನ್ನು ಮಾಡಿದ್ದರು. ರಿಯಲ್ ಮೆಕೇ ಎಂಬ ಮಾತೂ 1856ರಲ್ಲೇ ಸ್ಕಾಟ್ಲೆಂಡಿನಲ್ಲಿ ಬಳಕೆಯಲ್ಲಿತ್ತು.

1929ರಲ್ಲಿ ತೀರಿಕೊಂಡ ಮೆಕಾಯ್ ಹೆಸರಿನಲ್ಲಿ 50ಕ್ಕೂ ಹೆಚ್ಚು ಪೇಟೆಂಟ್‌ಗಳಿವೆ. ನುಡಿಗಟ್ಟಿನ ಕತೆಗೆ ಗಟ್ಟಿ ಪುರಾವೆ ಇಲ್ಲ. ಅವರ ಸಾಧನೆಗೆ ಇದೆ.