ರಾವಲ್ಪಿಂಡಿಯ ತಾಯಂದಿರ ವೈದ್ಯೆ ಅನ್ನಾ ಡೆಂಗೆಲ್



ನಿಮ್ಮಲ್ಲಿ ಅನೇಕರು ಹುಟ್ಟಿದ್ದು ಕ್ರೈಸ್ತ ಸಿಸ್ಟರ್‌ಗಳು ದುಡಿಯುವ ಆಸ್ಪತ್ರೆಗಳಲ್ಲಿ ಇರಬಹುದು. ಮಂಗಳೂರಿನವರಿಗೆ ಫಾದರ್ ಮುಲ್ಲರ್ ಆಸ್ಪತ್ರೆ, ಬೆಂಗಳೂರಿನವರಿಗೆ ಸೇಂಟ್ ಮಾರ್ಥಾಸ್ ಆಸ್ಪತ್ರೆ ಮನೆಮಾತು. ಅಲ್ಲಿ ಬಿಳಿ ಉಡುಪಿನ ಸಿಸ್ಟರ್ ಒಬ್ಬರು ನಿಮ್ಮ ಅಜ್ಜಿಗೆ ಇಂಜೆಕ್ಷನ್ ಕೊಟ್ಟದ್ದು, ನಿಮ್ಮ ತಾಯಿಯ ಹೆರಿಗೆಯ ಹೊತ್ತಿನಲ್ಲಿ ಧೈರ್ಯ ಹೇಳಿದ್ದು ಮನೆಯಲ್ಲಿ ಮಾತಾಗಿ ಉಳಿದಿರುತ್ತದೆ. ಸಿಸ್ಟರ್ ಎಂದರೆ ನಮ್ಮ ಕಣ್ಣಿಗೆ ನರ್ಸ್. ಅದೇ ಸಿಸ್ಟರ್ ಡಾಕ್ಟರ್ ಆಗಲು, ಆಪರೇಶನ್ ಮಾಡಲು, ಹೆರಿಗೆ ಮಾಡಿಸಲು ಅವರದೇ ಚರ್ಚಿನ ಕಾನೂನು ಬಹುಕಾಲ ಅಡ್ಡವಾಗಿತ್ತು ಎಂಬುದು ನಿಮಗೆ ಗೊತ್ತೇ? ಆ ಕಾನೂನು ಬದಲಾದದ್ದು 1936ರಲ್ಲಿ. ಅದು ಬದಲಾಗಲು ಒಂದು ಮುಖ್ಯ ಕಾರಣ ಈಗಿನ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯ ಪರ್ದಾ ಹೆಂಗಸರು. ಈ ಸಂಗತಿ ನಮ್ಮ ಸಮುದಾಯದ ಓದುಗರಿಗೆ ತಿಳಿದಿರಬೇಕು ಎಂದು ನನಗೆ ಅನ್ನಿಸಿದ್ದರಿಂದ ಡಾ. ಅನ್ನಾ ಡೆಂಗೆಲ್ ಎಂಬ ಮಹಿಳೆಯ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅನ್ನಾ ಹುಟ್ಟಿದ್ದು 1892ರ ಮಾರ್ಚ್ 16ರಂದು, ಆಸ್ಟ್ರಿಯಾ ದೇಶದ ಟಿರೋಲ್ ಪ್ರಾಂತ್ಯದ ಸ್ಟೇಗ್ ಎಂಬ ಹಳ್ಳಿಯಲ್ಲಿ. ಆಲ್ಪ್ಸ್ ಪರ್ವತಗಳ ನಡುವಿನ ಊರು. ಇನ್ನೂ ಚಿಕ್ಕ ಬಾಲಕಿಯಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡರು. ಎಳವೆಯಲ್ಲೇ ತಾಯಿ ಇಲ್ಲದಾದ ಮಗುವಿಗೆ ಮುಂದೆ ತಾಯಂದಿರ ಸಾವು ಸಹಿಸಲಾಗದ ಸಂಗತಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಹಾಲ್ ಎಂಬ ಊರಿನಲ್ಲಿ ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿದರು. ನಂತರ ಫ್ರಾನ್ಸಿನ ಲಿಯೋನ್ ನಗರಕ್ಕೆ ಹೋಗಿ ಸ್ವಲ್ಪ ಕಾಲ ಜರ್ಮನ್ ಭಾಷೆ ಕಲಿಸಿದರು. ದೂರದ ದೇಶದಲ್ಲಿ ಸೇವೆ ಮಾಡಬೇಕೆಂಬ ಹಂಬಲ ಇತ್ತು, ಆದರೆ ಎಲ್ಲಿ, ಹೇಗೆ ಎಂಬುದು ಗೊತ್ತಿರಲಿಲ್ಲ.

ಇಲ್ಲಿ ಇನ್ನೊಬ್ಬ ಮಹಿಳೆಯ ಪರಿಚಯ ಮಾಡಿಕೊಡಬೇಕು. ಅವರಿಲ್ಲದೆ ಅನ್ನಾ ಇಲ್ಲ.

ಆಗ್ನೆಸ್ ಮೆಕ್‌ಲಾರೆನ್ 1837ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದವರು. ತಂದೆ ಪಾರ್ಲಿಮೆಂಟ್ ಸದಸ್ಯರು. ತನ್ನ ಊರಿನ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ವೈದ್ಯ ಪದವಿ ಕೊಡಲು ಒಪ್ಪದಿದ್ದಾಗ ಫ್ರಾನ್ಸಿನ ಮೊಂಪೆಲಿಯೆಗೆ ಹೋಗಿ 1878ರಲ್ಲಿ ಡಾಕ್ಟರ್ ಆದರು. ಯುರೋಪಿನಲ್ಲೂ ಹೆಣ್ಣು ಡಾಕ್ಟರ್ ಆಗಬೇಕಾದರೆ ದೇಶಬಿಟ್ಟು ಹೋಗಬೇಕಾದ ಕಾಲ ಇತ್ತು ಎಂಬುದನ್ನು ವಿದ್ಯಾರ್ಥಿನಿಯರು ಗಮನಿಸಬೇಕು. ಅರವತ್ತು ದಾಟಿದ ಮೇಲೆ ಅವರು ಕ್ಯಾಥೊಲಿಕ್ ಪಂಥವನ್ನು ಸೇರಿದರು. ಭಾರತದ ಪರ್ದಾ ಹೆಂಗಸರು ಗಂಡು ಡಾಕ್ಟರರಿಗೆ ತೋರಿಸಿಕೊಳ್ಳದೆ ಪ್ರಾಣ ಬಿಡುತ್ತಿದ್ದಾರೆ ಎಂಬ ಸುದ್ದಿ ಅವರ ನೆಮ್ಮದಿ ಕೆಡಿಸಿತು. ರಾವಲ್ಪಿಂಡಿಯಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ಸೇಂಟ್ ಕ್ಯಾಥರಿನ್ ಆಸ್ಪತ್ರೆ ಆರಂಭವಾಗಲು ಅವರೇ ಕಾರಣ. 72ನೆಯ ವಯಸ್ಸಿನಲ್ಲಿ ಸ್ವತಃ ಅಲ್ಲಿಗೆ ಪ್ರಯಾಣ ಮಾಡಿದರು. ಆಸ್ಪತ್ರೆ ಆಯಿತು, ನೋಡಿಕೊಳ್ಳಲು ಸಿಸ್ಟರ್‌ಗಳೂ ಇದ್ದರು. ಆದರೆ ಲೇಡಿ ಡಾಕ್ಟರರು ಸಿಗುತ್ತಿರಲಿಲ್ಲ, ಸಿಕ್ಕವರು ಬಹುಕಾಲ ನಿಲ್ಲುತ್ತಿರಲಿಲ್ಲ. ಸಿಸ್ಟರ್‌ಗಳಿಗೇ ವೈದ್ಯವಿದ್ಯೆ ಕಲಿಯಲು ಅನುಮತಿ ಕೊಡಿ ಎಂದು ಅವರು ಮತ್ತೆ ಮತ್ತೆ ರೋಮ್‌ಗೆ ಮೊರೆಯಿಟ್ಟರು. ಅನುಮತಿ ದೊರೆಯಲಿಲ್ಲ.

ಈ ಆಗ್ನೆಸ್ ಬಗ್ಗೆ ಓದಿ ತಿಳಿದ ಇಪ್ಪತ್ತರ ಹರೆಯದ ಅನ್ನಾ ಅವರಿಗೆ ಪತ್ರ ಬರೆದರು. ಉತ್ತರ ಬಂತು. ಭಾರತದಲ್ಲಿ ವೈದ್ಯಳಾಗಿ ದುಡಿಯಬೇಕಾದರೆ ಬ್ರಿಟಿಷ್ ಆಡಳಿತ ಒಪ್ಪುವ ಪದವಿ ಬೇಕು, ಆದ್ದರಿಂದ ಐರ್ಲೆಂಡಿನ ಕಾರ್ಕ್ ನಗರದ ಯೂನಿವರ್ಸಿಟಿ ಕಾಲೇಜಿಗೆ ಸೇರು ಎಂದು ಆ ಮುದುಕಿ ಸೂಚಿಸಿದರು. ಅನ್ನಾ ಸಿದ್ಧವಾಗುತ್ತಿದ್ದಂತೆಯೇ, 1913ರಲ್ಲಿ ಆಗ್ನೆಸ್ ತೀರಿಕೊಂಡರು. ಇಬ್ಬರೂ ಒಮ್ಮೆಯೂ ಮುಖತಃ ಭೇಟಿಯಾಗಿರಲಿಲ್ಲ. ದಾರಿ ತೋರಿಸಿದವರೇ ಇಲ್ಲವಾದ ಮೇಲೆ ಊರಿಗೆ ಮರಳಬಹುದಿತ್ತು. ಮರಳಲಿಲ್ಲ.

ಕಾರ್ಕ್‌ನಲ್ಲಿ ಇಂಗ್ಲಿಷ್ ಭಾಷೆಯಲ್ಲಿ ವೈದ್ಯಶಾಸ್ತ್ರ ಕಲಿಯಬೇಕಿತ್ತು. ಕನ್ನಡ ಮಾಧ್ಯಮದಿಂದ ಬಂದು ಪಿಯುಸಿ ವಿಜ್ಞಾನಕ್ಕೆ ಸೇರಿ ಮೊದಲ ವಾರವೇ ಬೆವರಿದ ನಮ್ಮ ಮಕ್ಕಳಿಗೆ ಆ ಕಷ್ಟ ಏನೆಂದು ವಿವರಿಸಬೇಕಾಗಿಲ್ಲ. ಅಷ್ಟರಲ್ಲಿ 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಆಸ್ಟ್ರಿಯಾ ಮತ್ತು ಬ್ರಿಟನ್ ಎದುರು ಬದುರು ನಿಂತವು. ಐರ್ಲೆಂಡ್ ಆಗ ಬ್ರಿಟಿಷರ ಕೈಯಲ್ಲಿತ್ತು. ಅನ್ನಾ ಅಲ್ಲಿ ಶತ್ರು ರಾಷ್ಟ್ರದ ಪ್ರಜೆಯಾಗಿ ಉಳಿದರು. ಆ ಸ್ಥಿತಿಯಲ್ಲೇ ಓದಿ 1919ರಲ್ಲಿ ಪದವಿ ಪಡೆದರು. ಭಾರತಕ್ಕೆ ಹೋಗಲು ಪರವಾನಗಿ ತಕ್ಷಣ ಸಿಗಲಿಲ್ಲ. ಇಂಗ್ಲೆಂಡಿನ ಕ್ಲೇ ಕ್ರಾಸ್ ಎಂಬ ಗಣಿ ಕಾರ್ಮಿಕರ ಊರಿನಲ್ಲಿ ಕೆಲವು ತಿಂಗಳು ವೈದ್ಯಳಾಗಿ ಕೆಲಸ ಮಾಡಿ ಕಾದರು. ಕೊನೆಗೆ 1920ರಲ್ಲಿ ರಾವಲ್ಪಿಂಡಿ ತಲುಪಿದರು.

ಆಗಿನ ರಾವಲ್ಪಿಂಡಿ ಬ್ರಿಟಿಷ್ ಸೈನ್ಯದ ದೊಡ್ಡ ದಂಡುಪ್ರದೇಶ. ಸೈನಿಕರಿಗೆ ಆಸ್ಪತ್ರೆ, ಡಾಕ್ಟರ್ ಎಲ್ಲವೂ ಇತ್ತು. ಊರಿನೊಳಗಿನ ಗಲ್ಲಿಗಳಲ್ಲಿ ಮಣ್ಣಿನ ಮನೆಗಳ ಹಿಂದಿನ ಕೋಣೆಯಲ್ಲಿ ಹೆರಿಗೆಗೆ ಮಲಗಿದ ಹೆಂಗಸಿಗೆ ಸೂಲಗಿತ್ತಿಯ ಕೈ ಒಂದೇ ಗತಿ. ಸೂಲಗಿತ್ತಿಯರನ್ನು ಹೀಯಾಳಿಸಲು ನಾನು ಈ ಮಾತು ಹೇಳುತ್ತಿಲ್ಲ. ನಮ್ಮ ಹಿಂದಿನ ತಲೆಮಾರಿನ ಬಹಳ ಮಂದಿ ಭೂಮಿಗೆ ಬಂದದ್ದು ಅವರ ಕೈಯಿಂದಲೇ. ಆದರೆ ಮಗು ಅಡ್ಡ ತಿರುಗಿದರೆ, ರಕ್ತಸ್ರಾವ ನಿಲ್ಲದಿದ್ದರೆ, ಹೆರಿಗೆಯ ನಂತರ ನಂಜೇರಿ ಜ್ವರ ಬಂದರೆ ಅವರ ಕೈ ಸೋಲುತ್ತಿತ್ತು. ಒಂದೆರಡು ಮೈಲಿ ದೂರದಲ್ಲಿ ಗಂಡು ಡಾಕ್ಟರ್ ಇದ್ದರೂ ಮನೆಯವರು ಕರೆಯುತ್ತಿರಲಿಲ್ಲ, ಹೆಂಗಸೂ ಒಪ್ಪುತ್ತಿರಲಿಲ್ಲ. ಹಿಂದೂ ಮತ್ತು ಸಿಖ್ ಮನೆಗಳ ಹೆಂಗಸರ ಪಾಡೂ ಹೆಚ್ಚು ಬೇರೆಯಾಗಿರಲಿಲ್ಲ. ಮಹಿಳಾ ವೈದ್ಯರಿಗಾಗಿ 1885ರಲ್ಲಿ ಲೇಡಿ ಡಫರಿನ್ ನಿಧಿ ಆರಂಭವಾಗಿತ್ತು ನಿಜ, ಆದರೆ ಇಷ್ಟು ದೊಡ್ಡ ದೇಶಕ್ಕೆ ಅದು ಎಷ್ಟು ಸಾಕು?

ಈ ಸಾವುಗಳಿಗೆ ಪರ್ದಾ ಕಾರಣ ಎಂದು ಆಗ ಅನೇಕರು ಬರೆದರು, ಇಂದಿಗೂ ಬರೆಯುವವರಿದ್ದಾರೆ. ನನಗೆ ಅದು ಅರ್ಧ ಸತ್ಯ ಎನಿಸುತ್ತದೆ. ಹೆಣ್ಣಿಗೆ ಹೆಣ್ಣು ಡಾಕ್ಟರೇ ಬೇಕೆಂದು ಬಯಸುವುದು ತಪ್ಪಲ್ಲ. ಹಾಗೆ ಬಯಸಿದವರು ತಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನಾದರೂ ಡಾಕ್ಟರ್ ಆಗುವಷ್ಟು ಓದಿಸಲಿಲ್ಲ, ತಪ್ಪು ಅಲ್ಲಿದೆ. ಪ್ರವಾದಿವರ್ಯರ(ಸ) ಕಾಲದಲ್ಲೇ ಮದೀನಾದ ಮಸೀದಿಯ ಬಳಿ ಡೇರೆ ಹಾಕಿ ಗಾಯಾಳುಗಳನ್ನು ಉಪಚರಿಸಿದ ರುಫೈದಾ(ರ) ಅವರ ಹೆಸರು ಹೇಳಿ ನಾವು ಸಭೆಗಳಲ್ಲಿ ಹೆಮ್ಮೆಪಡುತ್ತೇವೆ. ರಾವಲ್ಪಿಂಡಿಯ ಗಲ್ಲಿಗೆ ಬಂದದ್ದು ಮಾತ್ರ ಟಿರೋಲಿನ ಅನ್ನಾ.

ಸೇಂಟ್ ಕ್ಯಾಥರಿನ್ ಆಸ್ಪತ್ರೆಯಲ್ಲಿ ಅವರು ನಾಲ್ಕು ವರ್ಷ ದುಡಿದರು. ಹೆರಿಗೆ, ಕಣ್ಣುಬೇನೆ, ಮಲೇರಿಯಾ, ಮಕ್ಕಳ ಭೇದಿ, ಎಲ್ಲಕ್ಕೂ ಅವರೇ. ಮನೆಗಳಿಗೂ ಹೋಗುತ್ತಿದ್ದರು. ಅವರ ಬೆನ್ನು ಮುರಿದದ್ದು ಕೆಲಸದ ಹೊರೆಯಲ್ಲ. ಒಬ್ಬ ಡಾಕ್ಟರ್ ಎಷ್ಟೇ ಓಡಿದರೂ ಸಾವಿರ ಮನೆಗಳ ಬಾಗಿಲು ಮುಟ್ಟಲಾಗದು ಎಂಬ ಅರಿವು ಅವರನ್ನು ಹೆಚ್ಚು ಕುಗ್ಗಿಸಿತು. ಜೊತೆಯಲ್ಲಿ ಸಿಸ್ಟರ್‌ಗಳಿದ್ದರು, ಶ್ರದ್ಧೆಯಿತ್ತು, ಮಮತೆಯಿತ್ತು. ಆದರೆ ಸನ್ಯಾಸ ಸ್ವೀಕರಿಸಿದವರು ವೈದ್ಯವೃತ್ತಿ ನಡೆಸುವಂತಿಲ್ಲ ಎಂಬ ಶತಮಾನಗಳ ಹಿಂದಿನ ನಿಯಮ ಅವರ ಕೈ ಕಟ್ಟಿತ್ತು. ಆಂಧ್ರದ ಗುಂಟೂರಿನಲ್ಲಿ ದುಡಿದ ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ ಅವರಂಥ ಒಬ್ಬಿಬ್ಬರಿಗೆ ಪೋಪರಿಂದ ವಿಶೇಷ ಅನುಮತಿ ದೊರೆತದ್ದುಂಟು. ಅದು ಅಪವಾದವೇ ಹೊರತು ನಿಯಮವಲ್ಲ.

ಅನ್ನಾ ಮುಂದೆ ಎರಡು ದಾರಿಗಳಿದ್ದವು. ಈಗಾಗಲೇ ಇರುವ ಒಂದು ಸಂಸ್ಥೆಗೆ ಸೇರಿ ಕನ್ಯಾಸ್ತ್ರೀ ಆಗುವುದು, ಅಂದರೆ ಸ್ಟೆತೊಸ್ಕೋಪನ್ನು ಕೆಳಗಿಡುವುದು. ಇಲ್ಲವೇ ಡಾಕ್ಟರ್ ಆಗಿ ಉಳಿದು ಸನ್ಯಾಸದ ಆಸೆ ಬಿಡುವುದು. ಅವರಿಗೆ ಎರಡೂ ಬೇಕಿತ್ತು. 1924ರಲ್ಲಿ ಆಸ್ಟ್ರಿಯಾಕ್ಕೆ ಮರಳಿ ಇನ್ಸ್‌ಬ್ರುಕ್‌ನಲ್ಲಿ ಕೆಲವು ದಿನ ಏಕಾಂತದಲ್ಲಿದ್ದು ಹಿರಿಯ ಪಾದ್ರಿಯೊಬ್ಬರ ಸಲಹೆ ಕೇಳಿದರು. ಹೊಸದೊಂದು ಸಂಸ್ಥೆಯನ್ನೇ ಕಟ್ಟುವುದೆಂದು ನಿರ್ಧಾರವಾಯಿತು. ಅಮೆರಿಕಕ್ಕೆ ಹೋಗಿ ಊರೂರು ತಿರುಗಿ ಪಂಜಾಬಿನ ತಾಯಂದಿರ ಕಥೆ ಹೇಳಿದರು. 1925ರ ಸೆಪ್ಟೆಂಬರ್ 30ರಂದು ವಾಷಿಂಗ್ಟನ್ ನಗರದ ಒಂದು ಮನೆಯಲ್ಲಿ ಕ್ಯಾಥೊಲಿಕ್ ಮೆಡಿಕಲ್ ಮಿಷನರಿಗಳ ಸಂಘ ಆರಂಭವಾಯಿತು. ಮುಂದೆ ಇದೇ ಮೆಡಿಕಲ್ ಮಿಷನ್ ಸಿಸ್ಟರ್ಸ್ ಎಂದು ಪ್ರಸಿದ್ಧವಾಯಿತು. ಸದಸ್ಯರು ನಾಲ್ವರು: ಅನ್ನಾ, ಡಾ. ಜೊವಾನಾ ಲಿಯನ್ಸ್, ನರ್ಸ್‌ಗಳಾದ ಎವೆಲಿನ್ ಫ್ಲೀಗರ್ ಮತ್ತು ಮೇರಿ ಉಲ್‌ಬ್ರಿಕ್. ಫಾದರ್ ಮೈಕೆಲ್ ಮ್ಯಾಥಿಸ್ ಎಂಬುವರು ಬೆನ್ನಿಗೆ ನಿಂತರು.

ಇಲ್ಲಿ ಅನ್ನಾ ತೋರಿಸಿದ ಜಾಣತನವನ್ನು ನಮ್ಮ ಸಂಘ ಸಂಸ್ಥೆಗಳನ್ನು ನಡೆಸುವವರು ಗಮನಿಸಬೇಕು. ಅವರು ಚರ್ಚಿನ ವಿರುದ್ಧ ಧ್ವಜ ಹಿಡಿಯಲಿಲ್ಲ, ಸುಮ್ಮನೆ ಕೈಕಟ್ಟಿ ಕೂರಲೂ ಇಲ್ಲ. ಸಾರ್ವಜನಿಕ ಸನ್ಯಾಸ ಪ್ರತಿಜ್ಞೆ ಮಾಡಿದರೆ ತಾನೇ ನಿಷೇಧ? ಅದನ್ನು ಮಾಡದೆ, ಸಿಸ್ಟರ್‌ಗಳಂತೆಯೇ ಒಟ್ಟಿಗೆ ಬಾಳುತ್ತ, ಪೂರ್ಣ ಪ್ರಮಾಣದ ವೈದ್ಯವೃತ್ತಿ ನಡೆಸಿದರು. ಹೀಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಅಷ್ಟರಲ್ಲಿ ಕೆಲಸವೇ ಸಾಕ್ಷಿ ಹೇಳತೊಡಗಿತ್ತು. 1936ರ ಫೆಬ್ರವರಿ 11ರಂದು, ಹನ್ನೊಂದನೆಯ ಪಿಯುಸ್ ಪೋಪ್ ಆಗಿದ್ದಾಗ, ರೋಮ್‌ನಿಂದ ಆದೇಶ ಹೊರಟಿತು. ಮಿಷನ್ ನಾಡುಗಳಲ್ಲಿ ತಾಯಿ ಮಕ್ಕಳ ಆರೈಕೆಗಾಗಿ ಸಿಸ್ಟರ್‌ಗಳು ವೈದ್ಯ ಪದವಿ ಪಡೆಯಬಹುದು, ಹೆರಿಗೆಯನ್ನೂ ಮಾಡಿಸಬಹುದು ಎಂದು. ಆಗ್ನೆಸ್ ಮೆಕ್‌ಲಾರೆನ್ ಬೇಡಿದ್ದು ಅವರು ಕಣ್ಮುಚ್ಚಿ 23 ವರ್ಷಗಳ ಮೇಲೆ ದೊರೆಯಿತು. ಕಾರಣಕರ್ತರಾದ ರಾವಲ್ಪಿಂಡಿಯ ಆ ಹೆಂಗಸರಿಗೆ ರೋಮ್ ಎಲ್ಲಿದೆ ಎಂಬುದೂ ಗೊತ್ತಿದ್ದಿರಲಾರದು.

ಮೊದಲ ಕಾರ್ಯಕ್ಷೇತ್ರ ಮತ್ತೆ ರಾವಲ್ಪಿಂಡಿಯೇ. 1927ರಲ್ಲಿ ಅಲ್ಲಿ ಹೋಲಿ ಫ್ಯಾಮಿಲಿ ಆಸ್ಪತ್ರೆ ಆರಂಭವಾಯಿತು. 1939ರಲ್ಲಿ ಬಿಹಾರದ ಪಾಟ್ನಾಕ್ಕೆ ಬಂದರು. ಅಲ್ಲಿನ ಹಳೆಯ ಪಾದ್ರಿ ಕಿ ಹವೇಲಿಯ ಆಸ್ಪತ್ರೆಗೆ 1948ರಲ್ಲಿ ನೀಲಿ ಅಂಚಿನ ಬಿಳಿ ಸೀರೆಯುಟ್ಟ ಟೀಚರ್ ಒಬ್ಬರು ಶುಶ್ರೂಷೆ ಕಲಿಯಲು ಬಂದರು. ಅವರೇ ಮದರ್ ತೆರೇಸಾ. ಬಡವರಂತೆ ಬರೀ ಅನ್ನ ಉಪ್ಪು ತಿಂದು ಬಾಳುವ ಯೋಚನೆ ಅವರಿಗಿತ್ತು. ಹಾಗೆ ತಿಂದರೆ ನೀವೇ ರೋಗಿಗಳಾಗುತ್ತೀರಿ, ದುಡಿಯುವವರು ಸರಿಯಾಗಿ ಉಣ್ಣಬೇಕು ಎಂದು ಅಲ್ಲಿನವರು ಬುದ್ಧಿ ಹೇಳಿದರು. ಮದರ್ ಒಪ್ಪಿಕೊಂಡರು. ನನಗೆ ಈ ಪ್ರಸಂಗ ಬಹಳ ಇಷ್ಟ. ಕರುಣೆಯೊಂದಿಗೆ ವಿಜ್ಞಾನವೂ ಬೇಕೆಂಬುದು ಅನ್ನಾ ತಮ್ಮವರಿಗೆ ಕಲಿಸಿದ ಪಾಠ. ಬಡವರಿಗೆ ಅಲ್ಲವೇ, ಇಷ್ಟು ಸಾಕು ಎಂಬ ಧೋರಣೆ ಅವರಲ್ಲಿರಲಿಲ್ಲ. ಒಳ್ಳೆಯ ಮನಸ್ಸಿದೆಯೆಂದು ಅರೆಬರೆ ಔಷಧಿ ಕೊಡುವುದು ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ.

ದೇಶ ವಿಭಜನೆಯಾದ ಮೇಲೆ ಅವರ ಆಸ್ಪತ್ರೆಗಳು ಗಡಿಯ ಎರಡೂ ಕಡೆ ಉಳಿದವು, ಬೆಳೆದವು. ಢಾಕಾದಲ್ಲಿ 1953ರಲ್ಲಿ ಆರಂಭವಾದದ್ದು ಇಂದು ರೆಡ್ ಕ್ರೆಸೆಂಟ್ ಸಂಸ್ಥೆಯ ಮೆಡಿಕಲ್ ಕಾಲೇಜು ಆಸ್ಪತ್ರೆ; ಹೋಲಿ ಫ್ಯಾಮಿಲಿ ಎಂಬ ಹೆಸರು ಹಾಗೆಯೇ ಇದೆ. ದೆಹಲಿಯ ಓಖ್ಲಾದಲ್ಲಿ ಜಾಮಿಯಾ ಮಿಲ್ಲಿಯಾದ ನೆರೆಯಲ್ಲಿರುವ ಹೋಲಿ ಫ್ಯಾಮಿಲಿ ಆಸ್ಪತ್ರೆಯೂ ಇವರು ಕಟ್ಟಿದ್ದೇ. ನಿಮ್ಮಲ್ಲಿ ಯಾರಾದರೂ ಜಾಮಿಯಾದಲ್ಲಿ ಓದಿದ್ದರೆ ಜ್ವರ ಬಂದಾಗ ಅಲ್ಲಿಗೇ ಹೋಗಿರಬಹುದು.

ಒಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಏಳುತ್ತಿರಬಹುದು. ಇದೆಲ್ಲ ಮತಾಂತರಕ್ಕಾಗಿ ಅಲ್ಲವೇ? ಅನ್ನಾ ಮಿಷನರಿ, ಅದನ್ನು ಅವರು ಮುಚ್ಚಿಟ್ಟವರಲ್ಲ. ತಮ್ಮ ಧರ್ಮದ ಮೇಲಿನ ನಂಬಿಕೆಯೇ ಅವರನ್ನು ಇಲ್ಲಿಗೆ ಕರೆತಂದದ್ದು. ಹಾಗಿದ್ದೂ ಅವರು 1945ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಅಸಾಮಾನ್ಯ ವಿಚಾರವಿದೆ. ಬಿಳಿಯರು ಪರನಾಡುಗಳನ್ನು ಆಳಿ ಸುಲಿದಿದ್ದಾರೆ, ಆ ಋಣವನ್ನು ತೀರಿಸುವ ಒಂದು ಭಾಗವೇ ಈ ಸೇವೆ ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಬರೆದಿದ್ದಾರೆ. ಭಾರತಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಉಪಕಾರ ಮಾಡಿದೆ ಎನ್ನುವವರು ಬಹಳ, ಸಾಲ ತೀರಿಸುತ್ತಿದ್ದೇನೆ ಎನ್ನುವವರು ಅಪರೂಪ. ಉಳಿದದ್ದನ್ನು ನೀವೇ ತೂಗಿ ನೋಡಿ.

1967ರವರೆಗೆ ಅವರೇ ಸಂಸ್ಥೆಯನ್ನು ಮುನ್ನಡೆಸಿದರು. ಅಷ್ಟರಲ್ಲಿ ಆಫ್ರಿಕಾ, ದಕ್ಷಿಣ ಅಮೆರಿಕಗಳಿಗೂ ಕೆಲಸ ಹರಡಿತ್ತು. ಕೊನೆಯ ವರ್ಷಗಳನ್ನು ರೋಮ್‌ನಲ್ಲಿ ಕಳೆದರು. 1976ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಓಡಾಟ ನಿಂತಿತು. ಅದರ ಮರುವರ್ಷ ರಾವಲ್ಪಿಂಡಿಯ ಆಸ್ಪತ್ರೆ ಪಂಜಾಬ್ ಸರಕಾರದ ವಶಕ್ಕೆ ಹೋಯಿತು. ಇಂದು ಅದು ಅಲ್ಲಿನ ಮೆಡಿಕಲ್ ಯೂನಿವರ್ಸಿಟಿಯ ಬೋಧನಾ ಆಸ್ಪತ್ರೆ. ಒಂದು ಕಾಲಕ್ಕೆ ಒಬ್ಬ ಲೇಡಿ ಡಾಕ್ಟರನ್ನು ಸಮುದ್ರದಾಚೆಯಿಂದ ತರಬೇಕಾಗಿದ್ದ ಆ ಊರಿನ ಹೆಣ್ಣುಮಕ್ಕಳೇ ಈಗ ತಲೆಗೆ ದುಪಟ್ಟಾ ಹೊದ್ದು, ಕುತ್ತಿಗೆಗೆ ಸ್ಟೆತೊಸ್ಕೋಪ್ ಹಾಕಿಕೊಂಡು ಅಲ್ಲಿ ವೈದ್ಯವಿದ್ಯೆ ಕಲಿಯುತ್ತಾರೆ.

ಅನ್ನಾ ಡೆಂಗೆಲ್ 1980ರ ಏಪ್ರಿಲ್ 17ರಂದು ರೋಮ್‌ನಲ್ಲಿ ತೀರಿಕೊಂಡರು. ಅವರಿಗೆ 88 ವರ್ಷ. ಆಗ್ನೆಸ್ ಮೆಕ್‌ಲಾರೆನ್ ಕಣ್ಮುಚ್ಚಿದ್ದೂ ಏಪ್ರಿಲ್ 17ರಂದೇ, 67 ವರ್ಷಗಳ ಹಿಂದೆ.