ಗಾಜಿನ ಕಪಾಟಿನ ವೈಲ್ಡ್‌ಕ್ಯಾಟ್ ಮತ್ತು ಬುಚ್ ಓಹೇರ್

ಶಿಕಾಗೋ ವಿಮಾನ ನಿಲ್ದಾಣದ ಮೂಲಕ ಹಾದುಹೋಗುವ ಕನ್ನಡಿಗರಿಗೆ ಓಹೇರ್ ಎಂಬ ಹೆಸರು ಚಿರಪರಿಚಿತ. ಆ ಹೆಸರಿನ ಮನುಷ್ಯನನ್ನು ಬಲ್ಲವರು ಮಾತ್ರ ವಿರಳ. ಲೋಹದ ಎರಕದಿಂದ ತಯಾರಾಗುವ ಡೈಕಾಸ್ಟ್ ವಿಮಾನ ಮಾದರಿಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಇದಕ್ಕೆ ಅಪವಾದ. ಎರಡನೇ ಮಹಾಯುದ್ಧದ ನೌಕಾ ಫೈಟರ್ ವಿಮಾನಗಳಲ್ಲಿ ಓಹೇರ್ ಹಾರಿಸಿದ ಗ್ರಮ್ಮನ್ ವೈಲ್ಡ್‌ಕ್ಯಾಟ್ ಅವರಿಗೆ ಅಚ್ಚುಮೆಚ್ಚು. 38 ಅಡಿ ಅಗಲದ ಆ ವಿಮಾನ, 72ನೇ ಒಂದರ ಅಳತೆಗೆ ಇಳಿದಾಗ 16 ಸೆಂಟಿಮೀಟರ್ ಅಗಲಕ್ಕೆ ಕುಗ್ಗಿ ಗಾಜಿನ ಕಪಾಟಿನೊಳಗೆ ಕೂರುತ್ತದೆ.

ಎಡ್ವರ್ಡ್ ಹೆನ್ರಿ ಓಹೇರ್ ಜನಿಸಿದ್ದು 1914ರ ಮಾರ್ಚ್ 13ರಂದು, ಸೇಂಟ್ ಲೂಯಿಸ್‌ನಲ್ಲಿ. ಬುಚ್ ಎಂಬುದು ಅಡ್ಡಹೆಸರು. ತಂದೆ ವಕೀಲರು, ಶಿಕಾಗೋದ ಕುಖ್ಯಾತ ಪಾತಕಿ ಅಲ್ ಕಪೋನ್‌ನ ನಾಯಿ ಪಂದ್ಯದ ವ್ಯವಹಾರದಲ್ಲಿ ಪಾಲುದಾರರು. ಅದೇ ತಂದೆ ಗುಟ್ಟಾಗಿ ತೆರಿಗೆ ಅಧಿಕಾರಿಗಳಿಗೆ ಮಾಹಿತಿ ಒದಗಿಸಿದರು. 1931ರಲ್ಲಿ ಕಪೋನ್ ತೆರಿಗೆ ವಂಚನೆಗಾಗಿ ಶಿಕ್ಷೆಗೊಳಗಾದ. ಮಗನಿಗೆ ನೌಕಾ ಅಕಾಡೆಮಿಯಲ್ಲಿ ಸ್ಥಾನ ದೊರಕಿಸಲೆಂದೇ ತಂದೆ ಹೀಗೆ ಮಾಡಿದರೆಂಬ ಕಥೆ ಇಂದಿಗೂ ಪ್ರಚಲಿತ. ಕೇಳಲು ಸೊಗಸಾದ ಆ ಕಥೆಯನ್ನು ಇತಿಹಾಸಕಾರರು ಸುಲಭವಾಗಿ ಒಪ್ಪುವುದಿಲ್ಲ. ಮಗ 1937ರಲ್ಲಿ ಅನಾಪೊಲಿಸ್‌ನಲ್ಲಿ ಪದವಿ ಪಡೆದು, ಯುದ್ಧನೌಕೆಯಲ್ಲಿ ಎರಡು ವರ್ಷ ದುಡಿದು, ವೈಮಾನಿಕ ತರಬೇತಿಗೆ ಸೇರಿದರು. ಆ ತರಬೇತಿ ನಡೆಯುತ್ತಿದ್ದಾಗಲೇ, 1939ರ ನವೆಂಬರ್ 8ರಂದು, ಶಿಕಾಗೋದಲ್ಲಿ ಕಾರು ಚಲಾಯಿಸುತ್ತಿದ್ದ ತಂದೆಯನ್ನು ದುಷ್ಕರ್ಮಿಗಳು ಗುಂಡಿಟ್ಟು ಕೊಂದರು. ವಾರದ ನಂತರ ಕಪೋನ್ ಬಿಡುಗಡೆಗೊಂಡ.

1942ರ ಫೆಬ್ರವರಿ 20. ವಿಮಾನವಾಹಕ ನೌಕೆ ಲೆಕ್ಸಿಂಗ್ಟನ್ ಪೆಸಿಫಿಕ್‌ನಲ್ಲಿ ರಬೌಲ್‌ನತ್ತ ಸಾಗಿತ್ತು. ಜಪಾನಿನ ಬಾಂಬರ್‌ಗಳ ಮೊದಲ ತಂಡವನ್ನು ಉಳಿದ ಫೈಟರ್‌ಗಳು ಬೆನ್ನಟ್ಟಿ ಹೋಗಿದ್ದಾಗ ಎರಡನೇ ತಂಡ ಮತ್ತೊಂದು ದಿಕ್ಕಿನಿಂದ ಬಂದೆರಗಿತು. ತಡೆಯಬಲ್ಲ ಸ್ಥಾನದಲ್ಲಿದ್ದವು ಎರಡೇ ವೈಲ್ಡ್‌ಕ್ಯಾಟ್‌ಗಳು. ಜೊತೆಗಾರನ ಬಂದೂಕುಗಳು ಕೆಟ್ಟು ನಿಂತವು. ಓಹೇರ್ ಒಬ್ಬರೇ ಉಳಿದರು. ಅವರ ವಿಮಾನದಲ್ಲಿದ್ದುದು ನಾಲ್ಕು ಮೆಷಿನ್‌ಗನ್, ತಲಾ 450 ಸುತ್ತು ಗುಂಡು. ಮಿತವಾಗಿ ಗುಂಡು ಹಾರಿಸುತ್ತ, ಬಾಂಬರ್‌ಗಳ ಸಾಲಿನ ಅಂಚಿನಿಂದ ಒಂದೊಂದನ್ನೇ ಆರಿಸಿಕೊಂಡರು. ಸುಮಾರು ನಾಲ್ಕು ನಿಮಿಷಗಳ ಈ ಕಾಳಗದಲ್ಲಿ ಐದು ವಿಮಾನಗಳು ಅವರ ಲೆಕ್ಕಕ್ಕೆ ಸೇರಿದವು. ಜಪಾನೀ ದಾಖಲೆಗಳನ್ನು ಮುಂದೆ ಪರಿಶೀಲಿಸಿದಾಗ ಅವರಿಂದ ನೇರವಾಗಿ ಉರುಳಿದವು ಮೂರು, ಉಳಿದವು ಜಖಂಗೊಂಡವು ಎಂದು ತಿಳಿದುಬಂತು. ಇದರಿಂದ ಸಾಹಸದ ತೂಕವೇನೂ ತಗ್ಗದು. ಲೆಕ್ಸಿಂಗ್ಟನ್‌ಗೆ ಅಂದು ಒಂದು ಬಾಂಬೂ ತಗುಲಲಿಲ್ಲ.

ಪರ್ಲ್ ಹಾರ್ಬರ್ ಆಘಾತದಿಂದ ಚೇತರಿಸಿಕೊಳ್ಳದ ಅಮೆರಿಕಕ್ಕೆ ಒಬ್ಬ ವೀರ ಬೇಕಿತ್ತು. ಏಪ್ರಿಲ್ 21ರಂದು ಅಧ್ಯಕ್ಷ ರೂಸ್‌ವೆಲ್ಟ್ ಅವರ ಸಮ್ಮುಖದಲ್ಲಿ ಪತ್ನಿ ರೀಟಾ ಅವರೇ ಓಹೇರ್ ಕೊರಳಿಗೆ ಮೆಡಲ್ ಆಫ್ ಆನರ್ ತೊಡಿಸಿದರು. ಗ್ರಮ್ಮನ್ ಕಾರ್ಖಾನೆಯ ಕಾರ್ಮಿಕರು ಚಂದಾ ಎತ್ತಿ 1,150 ಕಾರ್ಟನ್ ಸಿಗರೇಟು ಉಡುಗೊರೆ ನೀಡಿದರು. ಓಹೇರ್ ಸೇದುತ್ತಿದ್ದ ಬ್ರಾಂಡೇ ಬೇರೆ!

ಸಂಗ್ರಾಹಕರ ಚರ್ಚೆ ಆರಂಭವಾಗುವುದು ಇಲ್ಲಿಯೇ. ಅಂದು ಕಾದಾಡಿದ ವಿಮಾನದ ಮೈಮೇಲಿದ್ದ ಗುರುತು ಎಫ್-15. ಪ್ರಚಾರದ ಛಾಯಾಚಿತ್ರಗಳಲ್ಲಿ ಹಾರುವುದು ಎಫ್-13. ಅದು ಏಪ್ರಿಲ್‌ನಲ್ಲಿ ಹವಾಯಿ ಬಳಿ ತೆಗೆದ ಚಿತ್ರ. ಓಹೇರ್ ವಿಮಾನ ಎಫ್4ಎಫ್-3 ಮಾದರಿಯದು; ಅದರ ರೆಕ್ಕೆಗಳು ಮಡಚುವುದಿಲ್ಲ. ಮಡಚುವ ರೆಕ್ಕೆ, ಆರು ಬಂದೂಕುಗಳ ವೈಲ್ಡ್‌ಕ್ಯಾಟ್‌ಗೆ ಅವರ ಹೆಸರು ಅಂಟಿಸಿದರೆ ಬಲ್ಲವರು ಮುಗುಳ್ನಗುತ್ತಾರೆ.

ಖ್ಯಾತಿ ಓಹೇರ್ ಅವರನ್ನು ಬಹುಕಾಲ ನೆಲದಲ್ಲಿ ನಿಲ್ಲಿಸಲಿಲ್ಲ. 1943ರ ನವೆಂಬರ್ 26ರ ರಾತ್ರಿ, ಎಂಟರ್‌ಪ್ರೈಸ್ ನೌಕೆಯಿಂದ ಹೆಲ್‌ಕ್ಯಾಟ್ ಏರಿ, ರೇಡಾರ್ ಹೊತ್ತ ಅವೆಂಜರ್ ವಿಮಾನದ ಜೊತೆಗೂಡಿ ಜಪಾನೀ ಬಾಂಬರ್‌ಗಳನ್ನು ಅರಸಿ ಹೊರಟರು. ವಿಮಾನವಾಹಕ ನೌಕೆಯಿಂದ ಇಂತಹ ಇರುಳ ಬೇಟೆ ಆಗಿನ್ನೂ ಹೊಸ ಪ್ರಯೋಗ. ಗಿಲ್ಬರ್ಟ್ ದ್ವೀಪಗಳ ಸಮೀಪದ ಕತ್ತಲಲ್ಲಿ ಅವರ ಹೆಲ್‌ಕ್ಯಾಟ್ ಮರೆಯಾಯಿತು. ಸ್ವಪಕ್ಷದ ಗುಂಡೇ ತಗುಲಿರಬಹುದೆಂಬ ಶಂಕೆ ಬಹುಕಾಲ ಉಳಿಯಿತು. ಜಪಾನೀ ಬಾಂಬರ್‌ನ ಗುಂಡು ಎಂಬುದು ನಂತರದ ಸಂಶೋಧಕರ ಒಲವು. ದೇಹ ಸಿಗಲಿಲ್ಲ. ಆಗ ವಯಸ್ಸು 29.

1949ರಲ್ಲಿ ಶಿಕಾಗೋದ ಆರ್ಚರ್ಡ್ ನಿಲ್ದಾಣಕ್ಕೆ ಅವರ ಹೆಸರಿಡಲಾಯಿತು. ಹಳೆಯ ಹೆಸರಿನ ಕುರುಹಾಗಿ ಟಿಕೆಟ್‌ಗಳ ಮೇಲೆ ಓಆರ್‌ಡಿ ಎಂಬ ಸಂಕೇತ ಉಳಿದಿದೆ. ಮುಂದೆ ನಿಲ್ದಾಣದೊಳಗೆ ಓಹೇರ್ ವಿಮಾನದ ಬಣ್ಣ ಬಳಿದ ನಿಜವಾದ ವೈಲ್ಡ್‌ಕ್ಯಾಟ್ ಒಂದನ್ನು ಇರಿಸಲಾಯಿತು. ಅದು ಅವರು ಹಾರಿಸಿದ ವಿಮಾನವಲ್ಲ. ತರಬೇತಿಯ ವೇಳೆ ಮಿಷಿಗನ್ ಸರೋವರಕ್ಕೆ ಬಿದ್ದು, ದಶಕಗಳ ನಂತರ ಮೇಲೆತ್ತಿದ ಮತ್ತೊಂದು ವಿಮಾನ.